ಹೆಸರು ಅಳಿಸಿದ ನೋಟ್ಸ್

ಸಾನಪಾಡಾದ ಕಾಲೇಜೊಂದರಲ್ಲಿ ಅಧ್ಯಾಪಕರ ಕಾರ್ಯಾಗಾರವಿತ್ತು. ಪಾಠದ ಸಾಮಗ್ರಿಯನ್ನು ಬಚ್ಚಿಡದೆ ಎಲ್ಲರಿಗೂ ಮುಕ್ತವಾಗಿ ಹಂಚಬೇಕೆಂದು ನಾನು ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಮಾದರಿಗೆಂದು ನನ್ನ ಸಂಖ್ಯಾಶಾಸ್ತ್ರದ ನೋಟ್ಸನ್ನು ಪರದೆಯ ಮೇಲೆ ತೋರಿಸಿದೆ. ಚಪ್ಪಾಳೆಯೂ ಬಿತ್ತು.

ಚಹಾದ ಹೊತ್ತಿಗೆ ಒಬ್ಬರು ಮೇಡಂ ಹತ್ತಿರ ಬಂದರು. ನನ್ನ ಇಂಗ್ಲಿಷಿನಿಂದಲೇ ಕನ್ನಡದವನೆಂದು ಗುರುತು ಹಿಡಿದಿರಬೇಕು.

“ಸರ್, ನಿಮ್ಮ ಮನೆ ಎಲ್ಲಿ?”

“ಡೊಂಬಿವಲಿ ಸ್ಟೇಷನ್ ಹತ್ತಿರ.”

“ಮತ್ತೆ ನೋಟ್ಸಿನಲ್ಲಿ ಸರಾಸರಿ ಲೆಕ್ಕಕ್ಕೆ ವಿಠ್ಠಲವಾಡಿ ಸ್ಟೇಷನ್ನಿನ ಟಿಕೆಟ್ ಕ್ಯೂ ಯಾಕೆ ತಗೊಂಡ್ರಿ?”

ಆ ಸ್ಟೇಷನ್ನಿನಲ್ಲಿ ನಾನು ಒಮ್ಮೆಯೂ ಇಳಿದವನಲ್ಲ. ನೋಟ್ಸನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಬರೆದವರ ಹೆಸರು ಅಳಿಸಿ, ನನ್ನದು ಹಾಕಿಕೊಂಡಿದ್ದೆ.

“ಆ ಕ್ಯೂನಲ್ಲಿ ದಿನಾ ನಿಲ್ಲುವವಳು ನಾನು ಮಾರಾಯ್ರೆ,” ಎಂದರು ಅವರು, ದನಿ ಏರಿಸದೆ. “ಬಳಸಿ, ತಿದ್ದಿ, ಹಂಚಿ. ಅದಕ್ಕೇ ಹಾಕಿದ್ದು. ಹೆಸರು ಮಾತ್ರ ಉಳಿಸಿ ಅಂತ ಮೊದಲ ಪುಟದಲ್ಲೇ ಬರೆದಿದ್ದೆ.”

“ತಪ್ಪಾಯ್ತು ಮೇಡಂ,” ಎಂದೆ. ಕೈಯಲ್ಲಿದ್ದ ಚಹಾ ಕುಡಿಯಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

“ಕೊನೆಯ ಅಭ್ಯಾಸದ ಲೆಕ್ಕಗಳು ನನ್ನ ಪ್ರತಿಯಲ್ಲಿ ಇರಲಿಲ್ಲ. ನಿಮ್ಮವಾ?”

“ಹೌದು, ಅವು ನನ್ನವೇ.”

“ಚೆನ್ನಾಗಿವೆ. ನಾನು ತಗೊಳ್ತೇನೆ, ನಿಮ್ಮ ಹೆಸರು ಹಾಕಿಯೇ.”

ನಾಲ್ಕು ಮಾತು ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮನೆಗೆ ಬಂದವನೇ ಪ್ರತಿ ಪುಟದಲ್ಲೂ ಅವರ ಹೆಸರು, ಈಮೇಲ್ ಹಾಕಿ ನೋಟ್ಸನ್ನು ಕ್ಲಾಸಿನ ಮಕ್ಕಳಿಗೆ ಮತ್ತೆ ಕಳಿಸಿದೆ. ಪರಿಣಾಮ ಬೇಗ ತಿಳಿಯಿತು. ಈಗ ಪಾಠದಲ್ಲಿ ಏನಾದರೂ ಅರ್ಥವಾಗದಿದ್ದರೆ ನನ್ನ ವಿದ್ಯಾರ್ಥಿಗಳು ನೇರವಾಗಿ ಅವರಿಗೇ ಬರೆಯುತ್ತಾರೆ. ನನ್ನನ್ನು ಕೇಳುವುದು ಹಾಜರಾತಿಯ ಬಗ್ಗೆ ಮಾತ್ರ.