ದಾದಾಪೀರ್ ಕಾಯುವ ಸೀಸೆ

ಬಳ್ಳಾರಿಯ ನಮ್ಮ ಪ್ರಯೋಗಾಲಯದಲ್ಲಿ ಫ್ರೀಜರ್ ಕಾಯುವ ಕೆಲಸ ಕೌಲ್ ಬಜಾರಿನ ದಾದಾಪೀರ್ ಅವರದಾಗಿತ್ತು. ಊರಿಗೆ ಊರೇ ಗಣಿಯ ಲಾರಿಗಳ ಹಿಂದೆ ಓಡುತ್ತಿದ್ದ ವರ್ಷಗಳವು. ಇವರು ಮಾತ್ರ ಕೆಂಪು ಧೂಳು ಒಳಗೆ ಬಾರದಂತೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂತಿರುತ್ತಿದ್ದರು. ಕರೆಂಟು ಹೋದರೆ, ಜನರೇಟರ್ ಗುಡುಗುವವರೆಗೆ ಉಸಿರೇ ಬಿಡುತ್ತಿರಲಿಲ್ಲ. ನಾವು ಫ್ರೀಜರಿನ ಬಾಗಿಲನ್ನು ಜೋರಾಗಿ ಹಾಕಿದರೆ, "ಮೆಲ್ಲಕ್ರಿ, ಒಳಗ ಜೀವ ಐತಿ" ಎನ್ನುವರು. ಎಲ್ಲಕ್ಕಿಂತ ಹೆಚ್ಚಿನ ಅಕ್ಕರೆ ಒಂದು ಪುಟ್ಟ ಸೀಸೆಯ ಮೇಲೆ. ಅದರಲ್ಲಿದ್ದುದು ಮನುಷ್ಯನ ರೋಗನಿರೋಧಕ ಕೋಶಗಳ ಮೈಮೇಲಿದ್ದು ಉರಿಯೂತದ ಸಂದೇಶವನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನು. ಬೇರೆ ಜೀವಕೋಶಗಳಲ್ಲಿ ತಯಾರಿಸಿ, ಸಂಶೋಧನೆಗೆಂದೇ ಕಳಿಸಿದ್ದು. ಅದನ್ನು ತೆಗೆದುಕೊಡುವಾಗಲೆಲ್ಲ "ಇದು ಔಷಧ ಯಾವಾಗ ಆಗ್ತೈತ್ರಿ ಮೇಡಂ?" ಎಂದು ಕೇಳುವರು, ನಾನು ನಕ್ಕು ಸೀಸೆಯನ್ನು ಐಸಿನ ಡಬ್ಬಿಯಲ್ಲಿಡುತ್ತಿದ್ದೆ. ಒಂದು ಮಧ್ಯಾಹ್ನ ಊಟದ ಡಬ್ಬಿ ತಂದ ಅವರ ಹೆಂಡತಿ ಲಾಲಬೀಯನ್ನು ಕಂಡೆ. ಇಪ್ಪತ್ತು ವರ್ಷ ಜೀನ್ಸ್ ಹೊಲಿದಿದ್ದ ಆಕೆಯ ಬೆರಳುಗಳು ಅಂಥದೇ ಉರಿಯೂತ ತರುವ ಕೀಲುವಾತದಿಂದ ಸೊಟ್ಟಗಾಗಿದ್ದವು. ಡಬ್ಬಿಯ ಮುಚ್ಚಳವನ್ನು ದಾದಾಪೀರರೇ ತೆಗೆಯಬೇಕಾಯಿತು. ಆಕೆ ಹೋದ ಮೇಲೆ, "ಆ ಸೀಸೆಯಲ್ಲಿರೋದು ಮನುಷ್ಯರಿಗೆ ಕೊಡುವಂಥದಲ್ಲ, ದಾದಾಪೀರ್" ಎಂದೆ. "ಗೊತ್ತೈತ್ರಿ. ಆರು ತಿಂಗಳಿಂದ ಕೀಲಿ ನನ್ನ ಕೈಯಾಗ ಐತಿ, ಒಂದು ಹನಿ ಮುಟ್ಟಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಆಕಿ ಇನ್ನೊಮ್ಮೆ ಸೂಜಿಗೆ ದಾರ ಹಾಕೋದು ನೋಡ್ಬೇಕು ಅನ್ನಸ್ತೈತ್ರಿ. ನೀವು ಕಂಡುಹಿಡೀರಿ. ಅಲ್ಲೀತನಕ ಇದು ಕೆಡದಂಗ ನಾ ಕಾಯ್ತೀನಿ" ಎಂದರು.