ಉಪ್ಪು ನೋಡುವವಳು

ಬಸ್ ನಿಲ್ದಾಣದ ಹಿಂದಿನ ಹಳೆಯ ಗೋದಾಮಿನಲ್ಲಿ ನಡೆಯುವ ಊಟದ ಮನೆಗೆ ಎರಡೇ ಕಟ್ಟಳೆ: ಉಣ್ಣುವವರು ಕೆಲಸಕ್ಕೂ ಕೈ ಹಾಕಬೇಕು, ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು. ಅಲ್ಲಿಯ ಒಲೆ ಸೌಟಮ್ಮನದು. ಗಂಡ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯ ಗೋಡೆಗಳ ಜೊತೆ ಮಾತಾಡಿಕೊಂಡು ಅರೆಹುಚ್ಚಿಯಾಗಿದ್ದವಳು, ಒಂದು ದಿನ ಇಲ್ಲಿಗೆ ಉಣ್ಣಲು ಬಂದು ಇಲ್ಲೇ ಉಳಿದುಬಿಟ್ಟಳು. ಬಾಯಿ ಜೋರು, ಕೈ ಧಾರಾಳ.

ಅಂಥವಳಿಗೆ ಜ್ವರ ಬಂತು. ಬಂದದ್ದು ಸುಮ್ಮನೆ ಹೋಗಬಾರದೇ? ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಹೊತ್ತುಕೊಂಡು ಹೋಯಿತು, ಹಾಳಾದ್ದು! ಹೇಳಿದರೆ ‘ಪಾಪ, ಮನೇಲಿ ಆರಾಮಾಗಿರಿ’ ಅನ್ನುತ್ತಾರೆ. ಅಂದರೆ ಮತ್ತೆ ಅದೇ ಗೋಡೆ. ಸೌಟಮ್ಮ ತುಟಿ ಪಿಟಕ್ಕೆನ್ನಲಿಲ್ಲ. ದಿನಾ ಮೂಲೆಯಲ್ಲಿ ಮುದುಡಿ ಕೂತ ಯಾರನ್ನಾದರೂ ಕರೆದು, “ಬಾ ಇಲ್ಲಿ, ಉಪ್ಪು ನೋಡು” ಅನ್ನುವಳು. ಅಂಥವರು ಯಾಕೆ ಅಂತ ಕೇಳುವುದಿಲ್ಲವಲ್ಲ! ಕರೆಸಿಕೊಂಡವರ ಮುಖ ಅರಳಿದಾಗ ಮಾತ್ರ ಅವಳಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಅವತ್ತು ಕಲ್ಲುಪ್ಪು ಮುಗಿದು ಪುಡಿಯುಪ್ಪು ಬಂದಿತ್ತು. ಪುಡಿ ಹಿಡಿಗೆ ಹೆಚ್ಚು ಹಿಡಿಯುತ್ತದೆ ಅನ್ನುವುದು ಮರೆತು, ಎಂದಿನ ಲೆಕ್ಕದಲ್ಲೇ ಬೇಳೆಗೆ ಹಿಡಿ ತುಂಬ ಹಾಕಿದಳು. ಹತ್ತಿರ ಇದ್ದವಳು ಪಾತ್ರೆ ಉಜ್ಜುತ್ತಿದ್ದ ಒಬ್ಬಳೇ, ಜೈಲಿಂದ ಬಂದವಳು ಅಂತ ಎಲ್ಲರೂ ದೂರ ಇಟ್ಟವಳು. ಕರೆದು ಬೇಳೆಯ ಉಪ್ಪು ನೋಡಿಸಿದಳು.

“ಚೆನ್ನಾಗಿದೆ,” ಅಂದಳು ಆಕೆ, ನೆಲ ನೋಡುತ್ತ.

ಬಡಿಸಿದ್ದೇ ತಡ, ಸಾಲಿಗೆ ಸಾಲೇ ಥೂ ಎಂದು ಉಗುಳಿತು.

“ಪಾತ್ರೆ ಹತ್ರ ಇದ್ದೋಳು ಅವಳೇ. ಏನು ಬೆರೆಸಿದಾಳೋ ಏನೋ!” ಹಮಾಲಿಯೊಬ್ಬ ತಟ್ಟೆ ತಳ್ಳಿ ಎದ್ದ. “ಆಚೆ ಕಳಿಸ್ರಿ ಮೊದ್ಲು!”

ಊಟದ ಮನೆ ನೋಡಿಕೊಳ್ಳುವವನು ನಿವೃತ್ತ ಬಸ್ ಕಂಡಕ್ಟರ್. ಅವನು ಆಕೆಯ ಎದುರು ಬಂದು ನಿಂತ. “ಹೌದೇನಮ್ಮ?”

ಆಕೆ ಸೆರಗಲ್ಲಿ ಕೈ ಒರೆಸಿಕೊಂಡು ಬಾಗಿಲ ಕಡೆ ಹೊರಟೇಬಿಟ್ಟಳು.

ಸೌಟಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಒಲೆ ಉಳಿಯುತ್ತದೆ. ಆಕೆ ಹೊಸಿಲು ದಾಟುತ್ತಿದ್ದಳು.

“ನಿಲ್ಲೇ!” ಸೌಟಮ್ಮ ಕಿರುಚಿದಳು. “ಉಪ್ಪು ಹಾಕಿದ್ದು ನಾನು! ನನ್ನ ನಾಲಿಗೆ ಸತ್ತು ತಿಂಗಳುಗಳಾಯ್ತು, ಏನೂ ಗೊತ್ತಾಗಲ್ಲ. ಅದಕ್ಕೇ ನಿಮ್ಮನ್ನೆಲ್ಲ ಕರೀತಿದ್ದೆ. ಆದ್ರೆ ನಿನಗೇನು ಬಂದಿತ್ತೇ? ನಾಲಿಗೆ ನೆಟ್ಟಗಿದ್ರೂ ಚೆನ್ನಾಗಿದೆ ಅಂತ ಯಾಕಂದೆ?”

ಆಕೆ ತಿರುಗಿ ನಿಂತಳು. “ಅಲ್ಲಿ ಜೈಲಲ್ಲಿ ಚೆನ್ನಾಗಿಲ್ಲ ಅಂದೋರ ತಟ್ಟೆ ಕಿತ್ಕೋತಿದ್ರು ಅಮ್ಮ.”

ಎದ್ದಿದ್ದ ಹಮಾಲಿ ಮೆಲ್ಲಗೆ ಕೂತ.

ಕಂಡಕ್ಟರ್ ಕಡೆ ನೋಡುವ ಧೈರ್ಯ ಸೌಟಮ್ಮನಿಗೆ ಇರಲಿಲ್ಲ. ಹೇಗೂ ಇದೇ ಕೊನೆ ಅಂದುಕೊಂಡು ಬೇಯಿಸಿಟ್ಟಿದ್ದ ಆಲೂಗಡ್ಡೆಯನ್ನೆಲ್ಲ ಹಿಸುಕಿ ಬೇಳೆಗೆ ಸುರಿದಳು, ಬಿಸಿನೀರು ಹುಯ್ದಳು, ಕುದಿಸಿದಳು. ಸೌಟು ಮುಂದಕ್ಕೆ ಚಾಚಿದಳು.

“ಈಗ ನೋಡು. ತಟ್ಟೆ ಯಾರೂ ಕಿತ್ಕೊಳ್ಳಲ್ಲ. ನಿಜ ಹೇಳು.”

ಆಕೆ ವಾಪಸ್ ಬಂದು ಬಾಯಿಗೆ ಹಾಕಿಕೊಂಡಳು. ಸಾಲಿನ ಅಷ್ಟೂ ಕಣ್ಣು ಅವಳ ಮೇಲೆಯೇ.

“ಚೆನ್ನಾಗಿಲ್ಲ,” ಅಂದಳು. ಯಾರಿಗೂ ಕೇಳಿಸಲಿಲ್ಲವೇನೋ ಅನ್ನುವಂತೆ ಇನ್ನೊಮ್ಮೆ ಗಟ್ಟಿಯಾಗಿ ಅಂದಳು, “ಚೆನ್ನಾಗಿಲ್ಲ! ಇನ್ನೂ ಉಪ್ಪು ಜಾಸ್ತಿ ಇದೆ.”

ಸೌಟಮ್ಮ ಅಳುಕುತ್ತಲೇ ಕಂಡಕ್ಟರ್ ಕಡೆ ತಿರುಗಿದಳು.

“ನನ್ನ ಮುಖ ಏನು ನೋಡ್ತೀರಿ ಅಮ್ಮ?” ಅವನು ರೇಗಿದ. “ಅವಳು ಹೇಳಿದ್ದು ಕೇಳಿಸ್ಲಿಲ್ವಾ? ಇನ್ನೊಂದು ಕೊಡ ನೀರು ಹಾಕಿ!”