ಸುಮಿತ್ರಕ್ಕನ ಗುರಾಣಿ

ಮಾನ್ಯ ಸಮಿತಿಯವರೇ, ಒಬ್ಬ ಹೆಂಗಸು ತನಗೆಂದು ರಚಿಸಿಕೊಂಡ ಲಾಂಛನವನ್ನು ನೀವು ಕೇಳದೆ ಎತ್ತಿಕೊಂಡಿದ್ದೀರಿ. ಎತ್ತಿಕೊಂಡು ಅದಕ್ಕೆ ಅಭಿಮಾನವೆಂದು ಹೆಸರಿಟ್ಟಿದ್ದೀರಿ. ಇದನ್ನು ಮೆತ್ತಗೆ ಹೇಳುವ ಬಗೆ ನನಗೆ ತಿಳಿಯದು.

ಓದುಗ ಮಿತ್ರರೇ, ನೀವು ಗಾಬರಿಯಾಗಬೇಡಿ. ಬೆಳಿಗ್ಗೆ ಚಹಾ ಸೋಸಿಕೊಳ್ಳಲು ಕಪಾಟಿಗೆ ಕೈ ಹಾಕಿದೆ. ನಮ್ಮ ಕನ್ನಡ ಕೂಟ ಯುಗಾದಿಗೆ ಹಂಚಿದ ಪಿಂಗಾಣಿ ಲೋಟ ಸಿಕ್ಕಿತು. ಅದರ ಹೊಟ್ಟೆಯ ಮೇಲೆ ಕೆಂಪು ಬಿಳುಪಿನ ಗುರಾಣಿ. ಚಹಾ ಆರಿತು, ನಾನು ಆರಲಿಲ್ಲ.

ಕಂಪ್ಯೂಟರ್ ಬಲ್ಲವರಿಗೆ ಜರ್ಮನಿ ಗ್ರೀನ್ ಕಾರ್ಡ್ ಕೊಡತೊಡಗಿದ ಹೊಸತು. ಸುಮಿತ್ರಕ್ಕ, ಇಳಕಲ್ಲಿನ ನೇಕಾರರ ಮನೆಯ ಮಗಳು, ಆ ಕಾರ್ಡಿನ ಮೇಲೆ ಎರ್ಲಾಂಗೆನ್ನಿಗೆ ಬಂದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಾನು ಭಾನುವಾರಗಳಂದು ಅವರ ಮನೆಯ ರೊಟ್ಟಿಯ ಋಣದಲ್ಲಿದ್ದೆ. ಅವರ ಸಹೋದ್ಯೋಗಿ ಇಯಾನ್ ಸ್ಕಾಟ್ಲೆಂಡಿನವನು. ಅಲ್ಲಿನ ಹಳೆಯ ಪದ್ಧತಿಯಂತೆ ಗುರಾಣಿಯ ಆಕಾರದಲ್ಲಿ ಬರೆದ ತನ್ನದೇ ಲಾಂಛನವನ್ನು ಮೇಜಿನ ಮೇಲಿಟ್ಟುಕೊಂಡವನು. ಅಕ್ಕನಿಗೆ ಲಾಂಛನ ರಚಿಸುವ ಆ ವಿದ್ಯೆಯ ಹುಚ್ಚು ಹಿಡಿಸಿದವನೂ ಅವನೇ. ಬಣ್ಣದ ಮೇಲೆ ಬಣ್ಣ ಕೂಡದು, ಬೆಳ್ಳಿಯ ಬಿಳಿಯೋ ಚಿನ್ನದ ಹಳದಿಯೋ ನಡುವೆ ಬರಬೇಕು, ದೂರದಿಂದಲೇ ಗುರುತು ಸಿಗಬೇಕು ಎಂದು ಅವನು ಪಾಠ ಹೇಳಿದರೆ ಅಕ್ಕ ನನ್ನತ್ತ ತಿರುಗಿ ನಕ್ಕರು: “ಇದೇನ್ ಹೊಸಾದು ತಮ್ಮಾ? ನಮ್ಮವ್ವ ಸೆರಗಿನಾಗ ಕೆಂಪಿಗೆ ಬಿಳೀನ ಹಾಕ್ತಿದ್ಲು.”

ಹಾಗೆ ಹುಟ್ಟಿತು ಗುರಾಣಿ. ಮೇಲೆ ಬೆಳ್ಳಿ, ಕೆಳಗೆ ಕೆಂಪು. ಎರಡೂ ಕೂಡುವ ಗೆರೆ ಇಳಕಲ್ ಸೆರಗಿನಲ್ಲಿ ನೇಯುವ ತೋಪುತೆನೆ ವಿನ್ಯಾಸದ ಹಲ್ಲುಗಳಂತೆ. ಕೆಂಪಿನ ಮೇಲೆ ಬಿಳಿಯ ಸೈಕಲ್ ಚಕ್ರ, ಏಕೆಂದರೆ ಮೂವತ್ತು ದಾಟಿದ ಮೇಲೆ ಅಕ್ಕ ಸೈಕಲ್ ಕಲಿತದ್ದು ಈ ಊರಿನಲ್ಲಿ. ಇಂಥ ಗುರಾಣಿಗಳ ಮೇಲೆ ಬರೆಯುವ ಶಿರಸ್ತ್ರಾಣದ ತುದಿಗೆ, ಮಗ್ಗದ ಲಾಳಿ ಹಿಡಿದ ಒಂದು ಕೈ. ನಾನೂ ಒಂದು ಬರೆದೆ: ಸಿಂಹ, ಆನೆ, ನವಿಲು, ಜೊತೆಗೆ ವೀಣೆ. ಇಯಾನ್ ಬಹಳ ಹೊತ್ತು ನೋಡಿ, “ಮೃಗಾಲಯಕ್ಕೆ ಟಿಕೆಟ್ ಎಲ್ಲಿ ಕೊಡುತ್ತಾರೆ?” ಎಂದು ಕೇಳಿದ. ನನ್ನ ರಾಜವಂಶ ಅಲ್ಲಿಗೆ ಮುಗಿಯಿತು.

ಅಕ್ಕ ತಮ್ಮದನ್ನು ಮರದ ಫಲಕದ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದರು. “ಕಂಪನಿಗೆ ನಾನೊಂದು ನಂಬರು, ವೀಸಾ ಆಫೀಸಿಗೆ ಒಂದು ಫೈಲು. ಬಾಗಿಲ ಮ್ಯಾಲಾದ್ರೂ ನಾನಿರಬೇಕಲ್ಲೋ,” ಎಂದರು.

ಊಟಕ್ಕೆ ಬಂದಿದ್ದ ಕೂಟದ ಅಧ್ಯಕ್ಷರು ಸ್ಕಾಟ್ಲೆಂಡಿನ ಕಥೆಯನ್ನೆಲ್ಲ ಕೇಳಿ ಅದರ ಫೋಟೊ ತೆಗೆದುಕೊಂಡರು. ಮುಂದಿನ ಯುಗಾದಿಗೆ ಸಭಾಂಗಣದ ಬ್ಯಾನರಿನ ಮೇಲೆ, ಎಲ್ಲರ ಎದೆಯ ಬ್ಯಾಡ್ಜಿನ ಮೇಲೆ, ಈ ಲೋಟದ ಮೇಲೆ ಅದೇ ಗುರಾಣಿ. ಕೆಳಗೆ ಕೂಟದ ಹೆಸರು.

“ಸರ, ಇದು ನಂದು,” ಎಂದರು ಅಕ್ಕ.

“ನಿಮ್ಮದು, ನಮ್ಮದು ಅಂತ ಭೇದ ಯಾಕಮ್ಮಾ? ಗೋತ್ರ ಇದ್ದ ಹಾಗೆ ಇದು. ಒಂದು ಕುಲ, ಒಂದು ಗುರುತು. ಸ್ಕಾಟ್ಲೆಂಡಿನವರದ್ದೂ ಹಾಗೇ ತಾನೇ?”

“ಹಂಗಲ್ರೀ ಸರ. ಅಲ್ಲಿ ಗುರಾಣಿ ಒಬ್ಬರದ. ಅಣ್ಣಂದು ತಮ್ಮ ಸೈತ ಹಂಗ ಹಾಕ್ಕೊಳ್ಳೂಹಂಗಿಲ್ಲ.”

“ಹೆಮ್ಮೆಪಟ್ಟುಕೊಂಡರೂ ತಪ್ಪಾ? ಮೊದಲು ಹೋಳಿಗೆ ತಗೊಳ್ಳಿ.”

ವಾದಕ್ಕೆ ಹೋಳಿಗೆಯಿಂದ ಉತ್ತರ ಕೊಡುವ ಈ ವಿದ್ಯೆಯನ್ನು ನಮ್ಮವರು ಎಲ್ಲಿಗೆ ಹೋದರೂ ಕಟ್ಟಿಕೊಂಡು ಹೋಗುತ್ತಾರೆ! ಗೋತ್ರ ಹುಟ್ಟಿನಿಂದ ಬರುತ್ತದೆ. ಅದನ್ನು ಯಾರೂ ಕೂತು ಬರೆಯಬೇಕಿಲ್ಲ. ಈ ಗುರಾಣಿಯನ್ನು ಒಬ್ಬಾಕೆ ವಾರಗಟ್ಟಲೆ ಅಳಿಸಿ ಅಳಿಸಿ ಬರೆದಿದ್ದರು. ಈ ವ್ಯತ್ಯಾಸ ತಿಳಿಯದಷ್ಟು ಮುಗ್ಧರೇ ಕೂಟದ ನಮ್ಮ ಇಂಜಿನಿಯರುಗಳು?

ಆಮೇಲೆ ಅಕ್ಕನ ಕರೆಗಂಟೆಗೆ ಬಿಡುವಿರಲಿಲ್ಲ. ನಾಟಕದ ಟಿಕೆಟ್ ಕೇಳುವವರು, ಸದಸ್ಯತ್ವ ಕೇಳುವವರು, ಎಲ್ಲರೂ ಗುರಾಣಿ ನೋಡಿ ಇದೇ ಕೂಟದ ಕಚೇರಿ ಎಂದುಕೊಂಡವರು. ಒಂದು ಸಂಜೆ ಅಕ್ಕ ಫಲಕ ಇಳಿಸಿದರು. ನಾನು ಕೂಗಾಡಿದೆ, ಅವರು ಅದನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದರು. ಈಗ ಅವರು ಫ್ರಾಂಕ್‌ಫರ್ಟಿನಲ್ಲಿದ್ದಾರೆ. ಹೋದ ತಿಂಗಳು ಹೋಗಿದ್ದೆ. ಬಾಗಿಲಲ್ಲಿ ಮೊಳೆ ಇತ್ತು, ಫಲಕವಿರಲಿಲ್ಲ.

“ಮೊಳಿ ಹೊಡದೆ, ಹಾಕಾಕ ಮನಸಾಗಲಿಲ್ಲ,” ಎಂದರು. “ಈಗ ನಾನ ಕೂಟದ್ದು ಕದ್ದಂಗ ಕಾಣತೈತಿ.”

ಆದ್ದರಿಂದ, ಮಾನ್ಯ ಸಮಿತಿಯವರೇ, ಬ್ಯಾನರಿನಿಂದಲೂ ಬ್ಯಾಡ್ಜಿನಿಂದಲೂ ಆ ಗುರಾಣಿಯನ್ನು ತೆಗೆಯಬೇಕೆಂದು, ಅದು ಯಾರದೆಂದು ಮುಂದಿನ ಸಭೆಯಲ್ಲಿ ಹೆಸರು ಹಿಡಿದು ಹೇಳಬೇಕೆಂದು ಕೋರುತ್ತೇನೆ. ನಿಮಗೆ ಗುರುತೊಂದು ಬೇಕೇಬೇಕೆಂದರೆ ಸ್ಕಾಟ್ಲೆಂಡಿನ ಕುಲಗಳಲ್ಲಿ ಅದಕ್ಕೂ ಪದ್ಧತಿಯಿದೆ: ನಾಯಕರ ಶಿರಸ್ತ್ರಾಣದ ಮೇಲಿನ ಚಿಹ್ನೆಯನ್ನು ಮಾತ್ರ, ಸುತ್ತ ಬಕಲ್ ಹಾಕಿದ ಬೆಲ್ಟಿನೊಳಗೆ ಬರೆದು, ಕುಲದವರು ಧರಿಸಬಹುದು. ತಾವು ಆ ನಾಯಕರ ಅನುಯಾಯಿಗಳೆಂದು ಅದರ ಅರ್ಥ. ಸುಮಿತ್ರಕ್ಕನನ್ನು ಕೇಳಿ, ಅವರು ಒಪ್ಪಿದರೆ, ಲಾಳಿ ಹಿಡಿದ ಆ ಕೈಯನ್ನು ಬೆಲ್ಟಿನೊಳಗಿಟ್ಟು ಧರಿಸಿರಿ. ಅಧ್ಯಕ್ಷರು ಮೊದಲು ಧರಿಸಲಿ.

ಲೋಟವನ್ನು ತೊಳೆದು, ಒರೆಸಿ, ಈ ಬರಹದೊಂದಿಗೆ ಹಿಂದಿರುಗಿಸುತ್ತಿದ್ದೇನೆ. ನಿಮ್ಮ ಉತ್ತರವನ್ನು ನನಗಲ್ಲ, ಫ್ರಾಂಕ್‌ಫರ್ಟಿನ ಆ ಮೊಳೆಯಿರುವ ಬಾಗಿಲಿಗೆ ತಲುಪಿಸಬೇಕಾಗಿ ವಿನಂತಿ.